36 ಇಂಚು ಎಲ್ಲಾರಿಗೂ ಆಗೂದಿಲ್ರಿ

ಗಾಡಿ ನಿಲ್ಲಸೂ ಜಾಗಾದಾಗ ವರ್ಕ್‌ಬೆಂಚ್ (ನಿಂತು ಕೆಲಸ ಮಾಡೂ ಗಟ್ಟಿ ಮೇಜು) ಮಾಡೂದರ ಬಗ್ಗೆ ನಿಮ್ಮ ಲೇಖನದಾಗ, ಅದರ ಎತ್ತರ ಎಲ್ಲಾರಿಗೂ 36 ಇಂಚು ಅಂತ ಬರದೀರಿ, ಅದನ್ನ ಒಪ್ಪಾಕ ಆಗೂದಿಲ್ಲ. ಎತ್ತರ ಮಾಡೂ ಕೆಲಸದ ಮ್ಯಾಲೆ ಹೋಗ್ತದ. ಕಬ್ಬಿಣಕ್ಕ ಅರ ಹಾಕೂವಾಗ ವೈಸಿನ (ಸಾಮಾನು ಬಿಗಿಯಾಗಿ ಹಿಡಿಯೂ ಸಾಧನ) ದವಡಿ ಮೊಣಕೈ ಮಟ್ಟಕ್ಕ ಇರಬೇಕು. ವೈಸ್ ಆರೇಳು ಇಂಚು ಎತ್ತರ ಇರ್ತದ, ಮೊಣಕೈ ಎತ್ತರದಾಗ ಅದನ್ನ ಕಳದು ಬೆಂಚಿನ ಎತ್ತರ ಹಿಡೀರಿ. ಕಟಿಗಿಗೆ ರಂದಾ ಹೊಡಿಯಾಕ 32–34 ಇಂಚೇ ಚಲೋ, ಮೈಭಾರ ಬೀಳಬೇಕಲ್ಲ.

ಬೆಂಚಿನ ಮ್ಯಾಲಿನ ಹಲಗಿಗೆ ಒಂದ 18 ಎಂಎಂ ಪ್ಲೈವುಡ್ ಸಾಕು ಅಂತ ನೀವು ಅನ್ನೂದೂ ತಪ್ಪು. ಸುತ್ತಿಗಿ ಏಟಿಗೆ ಪುಟೀತದ. ಎರಡು ಶೀಟಿಗೆ ಗೋಂದು ಹಚ್ಚಿ, ಸ್ಕ್ರೂ ಬಿಗದು 36 ಎಂಎಂ ಮಾಡ್ರಿ. ಮ್ಯಾಲೆ 6 ಎಂಎಂ ಎಂಡಿಎಫ್ (ಕಟಿಗಿ ನಾರು ಒತ್ತಿ ಮಾಡಿದ ಹಲಗಿ) ಗೋಂದು ಇಲ್ಲದ ಬರೇ ಸ್ಕ್ರೂನಿಂದ ಕೂಡಸ್ರಿ, ಹಾಳಾದ್ರ ಅದೊಂದ ಬದಲಿಸಬಹುದು. ಧಾರವಾಡದ ಮಳಿಗಾಲದಾಗ ಅದರ ಅಂಚು ಉಬ್ಬತಾವ, ನಾಕೂ ಕಡೆ ಪೇಂಟ್ ಬಳೀರಿ.

ವೈಸ್ ಬೆಂಚಿನ ಕಾಲಿನ ನೇರಕ್ಕ ಬರಬೇಕು, ನಟ್ಟನಡುವ ಅಲ್ಲ. ಅದರ ಅಲುಗದ ದವಡಿ ಬೆಂಚಿನ ಅಂಚಿಗಿಂತ ತುಸು ಹೊರಗ ಇದ್ರ ಉದ್ದನ ಪೈಪ್ ನೆಟ್ಟಗ ಹಿಡಿಯಾಕ ಬರ್ತದ.

ಇನ್ನ ಗಾಡಿ ನಿಲ್ಲಸೂ ಜಾಗಾದ ನೆಲ, ನೀರು ಹೊರಗ ಹೋಗ್ಲಿ ಅಂತ ಇಳಿಜಾರ ಇರ್ತದ. ಲೇಖನ ಅದನ್ನ ಮುಟ್ಟೇ ಇಲ್ಲ! ಬೆಂಚಿನ ಕಬ್ಬಿಣದ ಕಾಲಿನ ತಳಕ್ಕ 12 ಎಂಎಂ ನಟ್ ವೆಲ್ಡ್ ಮಾಡಿಸಿ, ಬೋಲ್ಟ್ ತಿರುವಿ ಮಟ್ಟ ಮಾಡ್ರಿ. ಕಟಿಗಿ ಚೂರು ತುರುಕಿದ್ರ ಗ್ರೈಂಡರ್ ನಡುಕಕ್ಕ ಸರದು ಹೋಗ್ತಾವ.