ಉಚಿತ ಗುರುತಿನ ಚೀಟಿಯ ಹಿಂದಿರುವ ಕಾಗದಗಳು

ಮತ ಹಾಕಲು ಗುರುತಿನ ಚೀಟಿ ಕಡ್ಡಾಯವಾಗಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ, "ಸರ್ಕಾರ ಉಚಿತವಾಗಿಯೇ ಕೊಡುತ್ತದಲ್ಲ, ಹೋಗಿ ಮಾಡಿಸಿಕೊಳ್ಳಲು ಏನು ಕಷ್ಟ?" ಎಂಬ ಮಾತು ಕೇಳಿಬರುತ್ತದೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರ ಬಳಿ ಎಲ್ಲ ದಾಖಲೆಗಳೂ ಮೊದಲಿನಿಂದ ಸರಿಯಾಗಿಯೇ ಇರುತ್ತವೆ. ಇಲ್ಲದವರ ಕಷ್ಟ ಶುರುವಾಗುವುದು ಆ ಚೀಟಿಗಾಗಿ ಕೇಳುವ ಕಾಗದದಿಂದ, ಆ ಕಾಗದಕ್ಕಾಗಿ ಕೇಳುವ ಮತ್ತೊಂದು ಕಾಗದದಿಂದ.

ಜನನ ಪ್ರಮಾಣಪತ್ರ ತಂದರೆ ಗುರುತಿನ ಚೀಟಿ, ಗುರುತಿನ ಚೀಟಿ ತೋರಿಸಿದರೆ ಜನನ ಪ್ರಮಾಣಪತ್ರ ಎಂದು ಎರಡು ಕಚೇರಿಗಳು ಒಬ್ಬನನ್ನೇ ಅತ್ತಿಂದಿತ್ತ ಅಲೆಸುವುದುಂಟು. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಸೂಲಗಿತ್ತಿಯರ ಕೈಯಲ್ಲಿ ಹುಟ್ಟಿದ ಎಷ್ಟೋ ಕಪ್ಪು ಜನಾಂಗದ ಹಿರಿಯರ ಜನನ ದಾಖಲಾಗಿಯೇ ಇಲ್ಲ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಎರಡು ಹೆಸರೂ ತಮ್ಮದೇ ಎಂದು ಸಾಬೀತುಪಡಿಸಲು ವಿವಾಹ ಪ್ರಮಾಣಪತ್ರವನ್ನೂ ಹುಡುಕಬೇಕಾಗುತ್ತದೆ. ವಿಚ್ಛೇದನವಾಗಿ ಮರುಮದುವೆಯಾಗಿದ್ದರೆ ಆ ಆದೇಶವೂ ಬೇಕು. ಚೀಟಿಗೆ ಶುಲ್ಕವಿಲ್ಲ, ನಿಜ. ಆದರೆ ಪ್ರಮಾಣಪತ್ರದ ನಕಲಿಗೆ ಶುಲ್ಕವಿದೆ, ಪ್ರಯಾಣಕ್ಕೆ ಖರ್ಚಿದೆ, ಕಚೇರಿ ತೆರೆದಿರುವ ಹೊತ್ತಿನಲ್ಲಿ ಕೆಲಸ ಬಿಟ್ಟು ಬಂದ ದಿನಗೂಲಿಯವರಿಗೆ ಆ ದಿನದ ಸಂಪಾದನೆಯಿಲ್ಲ. ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ಅಧಿಕೃತ ಗುರುತಿನ ದಾಖಲೆಯೇ ಇಲ್ಲವೆಂದು ವಿಶ್ವಬ್ಯಾಂಕ್ 2022ರ ಸುಮಾರಿಗೆ ಅಂದಾಜಿಸಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು. ನೋಂದಣಿ ಆಗದೇ ಉಳಿದರೆ ಮುಂದೆ ಅವರೂ ಇದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಅಮೆರಿಕದ ಇಂಡಿಯಾನಾ ರಾಜ್ಯ 2005ರಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಮತದಾರರಿಗೆ ಕಡ್ಡಾಯಗೊಳಿಸಿತು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿದ ಕೆಲವೇ ದಿನಗಳಲ್ಲಿ ಸೌತ್ ಬೆಂಡ್ ನಗರದ ಕಾನ್ವೆಂಟೊಂದರ ವೃದ್ಧ ಸನ್ಯಾಸಿನಿಯರು ಮತಗಟ್ಟೆಯಿಂದ ಹಿಂದಿರುಗಬೇಕಾಯಿತು. ಅವರನ್ನು ತಡೆದ ಮತಗಟ್ಟೆ ಸಿಬ್ಬಂದಿ ಅದೇ ಕಾನ್ವೆಂಟಿನ ಸನ್ಯಾಸಿನಿ. ಎದುರಿಗೆ ನಿಂತವರು ಯಾರೆಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಾನೂನು ಬೇಡಿದ ಕಾರ್ಡು ಅವರ ಬಳಿ ಇರಲಿಲ್ಲ, ಅಷ್ಟೇ. ಮನುಷ್ಯರ ಪರಿಚಯಕ್ಕೆ ಬೆಲೆಯೇ ಇಲ್ಲದಂತೆ ರೂಪಿಸಿದ ವ್ಯವಸ್ಥೆಯನ್ನು ಭದ್ರತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಇಂಥದೇ ನಿಯಮ ಜಾರಿಗೆ ಬಂದಿತು. ಚೀಟಿ ಇಲ್ಲದವರಿಗೆ ಉಚಿತ ಮತದಾರ ಪ್ರಮಾಣಪತ್ರ ಸಿಗುವ ಏರ್ಪಾಡಿದ್ದರೂ, ಮತಗಟ್ಟೆಗೆ ಬಂದು ಕೊನೆಗೂ ಮತ ಹಾಕಲಾಗದೆ ಹೋದವರು ಸುಮಾರು 14,000 ಮಂದಿ ಎಂದು ಅಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ನಿಯಮ ತಿಳಿದು ಮನೆಯಲ್ಲೇ ಉಳಿದವರು ಇದರಲ್ಲಿ ಸೇರಿಲ್ಲ. ಹಿರಿಯರ ಬಸ್ ಪಾಸಿಗೆ ಅಲ್ಲಿ ಮಾನ್ಯತೆಯಿತ್ತು, ಯುವಜನರ ರೈಲು ಕಾರ್ಡಿಗೆ ಇರಲಿಲ್ಲ.

ಸರ್ಕಾರ ದಾಖಲೆಯನ್ನು ಕಡ್ಡಾಯ ಮಾಡುವುದಾದರೆ ಅದನ್ನು ಪ್ರತಿಯೊಬ್ಬರ ಕೈಗೆ ತಲುಪಿಸುವ ಹೊಣೆಯೂ ಸರ್ಕಾರದ್ದೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಸಾಧ್ಯವೆಂಬುದಕ್ಕೆ ಉದಾಹರಣೆಗಳಿವೆ. ಭಾರತದಲ್ಲಿ ಬೀದಿಯಲ್ಲೇ ಮಲಗುವವರು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ, ಮತಗಟ್ಟೆ ಮಟ್ಟದ ಅಧಿಕಾರಿ ಅವರು ಹೇಳಿದ ಜಾಗಕ್ಕೆ ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಿ, ಅವರು ಅಲ್ಲೇ ಮಲಗುವುದನ್ನು ಕಂಡು ಖಚಿತಪಡಿಸಿಕೊಳ್ಳಬೇಕು, ವಿಳಾಸದ ದಾಖಲೆ ಕೇಳಬೇಕಿಲ್ಲ ಎಂದು ಚುನಾವಣಾ ಆಯೋಗದ ಸೂಚನೆಯಿದೆ. ಕೆನಡಾದಲ್ಲಿ ಚೀಟಿ ಇಲ್ಲದವರು ತಮ್ಮ ಗುರುತು ಮತ್ತು ವಿಳಾಸವನ್ನು ಬರೆದುಕೊಟ್ಟು, ಅದೇ ಮತಗಟ್ಟೆಯ ಮತ್ತೊಬ್ಬ ಮತದಾರ ಅವರ ಪರವಾಗಿ ಸಾಕ್ಷಿ ನುಡಿದರೆ ಮತ ಹಾಕಬಹುದು. ದುರುಪಯೋಗವಾಗದಂತೆ ಒಬ್ಬರು ಒಬ್ಬರಿಗೆ ಮಾತ್ರ ಸಾಕ್ಷಿಯಾಗಬೇಕೆಂಬ ಮಿತಿಯೂ ಇದೆ. ಎಚ್ಚರ ಮತ್ತು ಗೌರವ ಎರಡೂ ಇರುವ ಇಂಥ ನಿಯಮಗಳು ಎಲ್ಲೆಡೆ ಬರಬೇಕು.

ಅಲ್ಲಿಯವರೆಗೆ ಈ ಕೆಲಸ ಜೊತೆಗಿರುವವರ ಮೇಲೆ ಬೀಳುತ್ತದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಬೀದಿಯ ಹೆಸರು, ಮನೆ ಸಂಖ್ಯೆ ಇರುವ ಚೀಟಿಯೇ ಬೇಕೆಂಬ ನಿಯಮವನ್ನು ತಡೆಯಲು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿದಾಗ, ಅಂಚೆಪೆಟ್ಟಿಗೆಯ ಸಂಖ್ಯೆಯನ್ನಷ್ಟೇ ವಿಳಾಸವಾಗಿ ಬಳಸುತ್ತಿದ್ದ ಮೂಲನಿವಾಸಿಗಳಿಗೆ ಮತ ಕೈತಪ್ಪುವ ಸ್ಥಿತಿ ಬಂತು. ಮತದಾನಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಬುಡಕಟ್ಟು ಆಡಳಿತಗಳೇ ಮುಂದೆ ಬಂದು ಮನೆಗಳಿಗೆ ವಿಳಾಸ ಗೊತ್ತುಮಾಡಿ, ತಮ್ಮ ಜನರಿಗೆ ಉಚಿತವಾಗಿ ಹೊಸ ಚೀಟಿ ಮಾಡಿಸಿಕೊಟ್ಟವು.

ನೆರವಿಗೆ ಹೋಗುವವರಿಗೆ ನನ್ನ ಕೆಲವು ವಿನಂತಿಗಳಿವೆ. ಅರ್ಜಿ ಕೈಗಿತ್ತು ಬರುವುದು ಸಾಲದು, ಕೌಂಟರಿನವರೆಗೆ ಜೊತೆಯಲ್ಲಿ ಹೋಗಬೇಕು. ಅಧಿಕಾರಿ ಆಗುವುದಿಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ಅವರ ಮೂಲ ದಾಖಲೆಗಳನ್ನು ಒಂದು ರಾತ್ರಿಯ ಮಟ್ಟಿಗೂ ನಮ್ಮ ಬಳಿ ಇಟ್ಟುಕೊಳ್ಳಬಾರದು. ಯಾರಿಗೆ ಮತ ಹಾಕುತ್ತೀರೆಂದು ಕೇಳಲೇಬಾರದು, ಏಕೆಂದರೆ ಆ ಒಂದು ಪ್ರಶ್ನೆಯಿಂದ ನಮ್ಮ ನೆರವು ಋಣವಾಗಿಬಿಡುತ್ತದೆ. ಜನನ ನೋಂದಣಿ ಅಥವಾ ಹೆಸರಿನ ತಿದ್ದುಪಡಿಗೆ ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ, ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಕೆಲಸವನ್ನು ಈಗಲೇ ಆರಂಭಿಸಬೇಕು. ಕಾರ್ಡು ಕೈಗೆ ಬಂದ ಮೇಲೆ ಅದರಲ್ಲಿರುವ ಹೆಸರು ಮತದಾರರ ಪಟ್ಟಿಯಲ್ಲಿಯೂ ಹಾಗೆಯೇ ಇದೆಯೇ ಎಂದು ಅವರೊಂದಿಗೆ ಕುಳಿತು ನೋಡಿ, ತಪ್ಪಿದ್ದರೆ ಅಂದೇ ತಿದ್ದುಪಡಿಗೆ ಅರ್ಜಿ ಹಾಕಿಸಿ.