ಯೂನಿವರ್ಸಲ್ ಕುಣಿಕೆ

ಹಳೇ ಪ್ರೊಜೆಕ್ಟರಿನ ಬಾಗಿಲು ತೆಗೆದು ನೋಡಿದರೆ, ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿ, ಅಂದರೆ ‘ಗೇಟಿ’ನ ಮೇಲೊಂದು ಕೆಳಗೊಂದು ಕಡೆ ಫಿಲ್ಮನ್ನು ಬಿಗಿಯದೆ ಕುಣಿಕೆಯಂತೆ ಬಳುಕಿಸಿ ಬಿಟ್ಟಿರುತ್ತಾರೆ. ಹಲ್ಲುಚಕ್ರ ಒಂದೇ ಸಮ ತಿರುಗುತ್ತದೆ; ಗೇಟಿನಲ್ಲಿ ಮಾತ್ರ ಫಿಲ್ಮು ಫ್ರೇಮು ಫ್ರೇಮಿಗೂ ಗಕ್ಕನೆ ನಿಂತು ಮುಂದಕ್ಕೆ ಜಿಗಿಯುತ್ತದೆ. ಆ ಸಡಿಲ ಇಲ್ಲದಿದ್ದರೆ ಅಂಚಿನ ತೂತು ಹರಿದು ಆಟ ಖಲಾಸ್. ಇದೇ ಲೇಥಮ್ ಲೂಪ್. ಅಮೆರಿಕದಲ್ಲಿ ಈ ಸಡಿಲಕ್ಕೂ ಪೇಟೆಂಟ್ ಇತ್ತು!

1908ರಲ್ಲಿ ಎಡಿಸನ್, ಬಯೋಗ್ರಾಫ್ ಕಂಪನಿಯವರೆಲ್ಲ ಸೇರಿ ಇಂಥ ಪೇಟೆಂಟುಗಳನ್ನು ಒಂದೇ ಗಂಟು ಕಟ್ಟಿದರು. ಟಾಕೀಸಿನವನು ತನ್ನದೇ ದುಡ್ಡಲ್ಲಿ ತಂದ ಪ್ರೊಜೆಕ್ಟರ್ ತಿರುಗಿಸುವುದಕ್ಕೂ ವಾರಕ್ಕೆ 2 ಡಾಲರ್ ಕಪ್ಪ ಒಪ್ಪಿಸಬೇಕು. ವಿಸ್ಕಾನ್ಸಿನ್ನಿನ ಬಟ್ಟೆ ಅಂಗಡಿಯಲ್ಲಿ ಮ್ಯಾನೇಜರಾಗಿದ್ದು, 1906ರಲ್ಲಿ ಶಿಕಾಗೊದಲ್ಲಿ ಪುಟ್ಟ ಚಿತ್ರಮಂದಿರ ತೆರೆದಿದ್ದ ಕಾರ್ಲ್ ಲೆಮ್ಲಿ ‘ಕೊಡೋದಿಲ್ಲ’ ಅಂದರು. 1909ರಲ್ಲಿ ಇಂಪ್ ಎಂಬ ಸ್ವಂತ ಕಂಪನಿ ಕಟ್ಟಿ ತಾವೇ ಸಿನಿಮಾ ತೆಗೆಯತೊಡಗಿದರು. ಕೇಸಿನ ಮೇಲೆ ಕೇಸು ಬಿತ್ತು. 1912ರಲ್ಲಿ ಮೇಲ್ಮನವಿ ಕೋರ್ಟು ಕುಣಿಕೆಯ ಪೇಟೆಂಟೇ ಊರ್ಜಿತವಲ್ಲ ಎಂದಿತು. ಅದೇ ವರ್ಷ ಇಂಪ್ ಇನ್ನಷ್ಟು ಕಂಪನಿಗಳ ಜೊತೆ ಕೂಡಿ ಯೂನಿವರ್ಸಲ್ ಎಂಬ ಸಿನಿಮಾ ಕಂಪನಿ ಆಯಿತು.

1915ರ ಮಾರ್ಚ್ 15ರಂದು ಸುಮಾರು 230 ಎಕರೆಯಲ್ಲಿ ಅದರ ಸ್ಟುಡಿಯೊ ಯೂನಿವರ್ಸಲ್ ಸಿಟಿ ಬಾಗಿಲು ತೆರೆಯಿತು. 25 ಸೆಂಟ್ ಕೊಟ್ಟವರಿಗೆ ಶೂಟಿಂಗ್ ನೋಡಲು ಜಾಗ, ಜೊತೆಗೆ ಕೋಳಿ ಊಟದ ಡಬ್ಬಿ. ಲೆಮ್ಲಿಯವರ ನೆಂಟರಿಷ್ಟರಿಗೆ ಊಟವಷ್ಟೇ ಅಲ್ಲ, ಸಂಬಳವೂ. ಮಗನಿಗೆ 21 ತುಂಬುವ ಹೊತ್ತಿಗೆ ಇಡೀ ಸ್ಟುಡಿಯೊದ ಉಸ್ತುವಾರಿ. 1936ರಲ್ಲಿ ಏಳೂವರೆ ಲಕ್ಷ ಡಾಲರ್ ಸಾಲ ತೀರಿಸಲಾಗದೆ ಅಪ್ಪ-ಮಗ ಇಬ್ಬರೂ ಹೊರಗೆ. ಇದು ಮಾಮೂಲಿ ಸಂಸಾರದ ಕತೆ, ಬಿಡಿ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 1976ರಲ್ಲಿ ಸೊಸೆ ಅತ್ತೆಯಾದಳು. ಮನೆಯಲ್ಲೇ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಯೂನಿವರ್ಸಲ್ ಕೇಸು ಜಡಿಯಿತು. ತಮಾಷೆ ಎಂದರೆ ಅದರೊಳಗೂ ಒಂದು ಕುಣಿಕೆಯೇ: ಕ್ಯಾಸೆಟ್ಟಿನಿಂದ ಟೇಪನ್ನು ಹೊರಗೆಳೆದು, ತಿರುಗುವ ಡ್ರಮ್ಮಿಗೆ ಸುತ್ತಿಸುತ್ತಾರೆ. 1984ರಲ್ಲಿ ಸುಪ್ರೀಂ ಕೋರ್ಟು 5-4ರಿಂದ ಸೋನಿ ಪರ ತೀರ್ಪು ಕೊಟ್ಟಿತು.

ಅಷ್ಟರೊಳಗೆ ಇನ್ನೊಂದು ಪ್ರಹಸನ ನಡೆದಿತ್ತು. ಕಿಂಗ್ ಕಾಂಗ್ ಕತೆ ಯಾರಪ್ಪನ ಸ್ವತ್ತೂ ಅಲ್ಲ ಎಂದು 1975ರಲ್ಲಿ, ಆ ಸಿನಿಮಾ ತೆಗೆದಿದ್ದ ಆರ್‌ಕೆಓ ಸ್ಟುಡಿಯೊ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದ ಯೂನಿವರ್ಸಲ್ ಕಂಪನಿಯೇ, ‘ಡಾಂಕಿ ಕಾಂಗ್’ ವಿಡಿಯೊ ಗೇಮ್ ತನ್ನ ಗೊರಿಲ್ಲಾದ ನಕಲು ಎಂದು 1982ರಲ್ಲಿ ನಿಂಟೆಂಡೊ ಮೇಲೆ ಬಿತ್ತು. ಕೋರ್ಟು ಹಳೇ ಕಡತ ತೆಗೆದು ಮುಖಕ್ಕೆ ಹಿಡಿಯಿತು.

ಕ್ಯಾಸೆಟ್ಟಿನಿಂದ ಸಿನಿಮಾ ಸತ್ತೇಹೋಗುತ್ತದೆ ಎಂದು ಎದೆ ಬಡಿದುಕೊಂಡಿದ್ದ ಸ್ಟುಡಿಯೊಗಳು ದಶಕ ಮುಗಿಯುವ ಹೊತ್ತಿಗೆ ಅದೇ ಕ್ಯಾಸೆಟ್ಟಿನಿಂದ ಟಾಕೀಸಿಗಿಂತ ಹೆಚ್ಚು ಬಾಚುತ್ತಿದ್ದವು. 1990ರಲ್ಲಿ ಯೂನಿವರ್ಸಲ್ಲನ್ನು ಅದರ ಮಾಲೀಕ ಎಂಸಿಎ ಸಮೇತ ಕೊಂಡದ್ದು ಜಪಾನಿನ ಮತ್ಸುಶಿತಾ. ಅದರ ಒಡೆತನದ ಜೆವಿಸಿಯೇ ಬೀಟಾಮ್ಯಾಕ್ಸಿಗೆ ಎದುರಾಗಿ ವಿಎಚ್‌ಎಸ್ ಎಂಬ ಇನ್ನೊಂದು ಬಗೆಯ ವಿಡಿಯೊ ಕ್ಯಾಸೆಟ್ ತಂದ ಕಂಪನಿ. ಈ ಸಲ ಯೂನಿವರ್ಸಲ್ ಯಾರ ಮೇಲೂ ಕೇಸು ಹಾಕಲಿಲ್ಲ.