ಚಪ್ಪಲಿಯಿಂದ ಚಪ್ಪಾಳೆಯವರೆಗೆ

ಉತ್ತರ ಜಪಾನಿಗೆ ಹೊರಟವರೆಲ್ಲ ಚಳಿಗೆ ಹೆದರಿ ಸ್ವೆಟರು ತುಂಬಿಕೊಳ್ಳುತ್ತಾರೆ. ನಿಜವಾಗಿ ಬೇಕಾದದ್ದು ತೂತಿಲ್ಲದ ಕಾಲುಚೀಲ. ವಸತಿಗೃಹದ ಹೊಸ್ತಿಲಲ್ಲಿ ಬೂಟು ಕಳಚಬೇಕು, ಒಳಗಿನ ಚಪ್ಪಲಿ ಮೆಟ್ಟಬೇಕು, ಚಾಪೆ ಹಾಸಿದ ಕೋಣೆಯ ಮುಂದೆ ಅದನ್ನೂ ಬಿಡಬೇಕು. ಶೌಚಾಲಯದ ಬಾಗಿಲಲ್ಲಿ ಬೇರೆಯೇ ಜೋಡಿ ಕಾದಿರುತ್ತದೆ. ಹೀಗೆ ನಮ್ಮ ಯಜಮಾನರ ಎಡಗಾಲಿನ ಹೆಬ್ಬೆರಳು ಅಕಿತಾ, ಇವಾತೆ, ಅವೊಮೊರಿ ಮೂರೂ ಪ್ರಾಂತ್ಯಗಳನ್ನು ನೋಡಿತು. ಅಲ್ಲಿನ ಜನರಿಗೂ ಧಾರಾಳವಾಗಿ ದರ್ಶನ ಕೊಟ್ಟಿತು.

ಚಪ್ಪಲಿಯನ್ನು ಕಂಡಕಂಡಲ್ಲಿ ಬಿಡಬೇಡಿ ಎಂದು ನಾನು ಮದುವೆಯಾದಂದಿನಿಂದ ಹೇಳುತ್ತಿದ್ದೇನೆ. ಅಲ್ಲಿನ ವಯಸ್ಸಾದ ಮಾಲಕಿ ಒಂದು ಮಾತೂ ಆಡದೆ, ಮಂಡಿಯೂರಿ ಕುಳಿತು, ಇವರ ಬೂಟಿನ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟರು. ಮರುದಿನದಿಂದ ಇವರೇ ಕುಕ್ಕರುಗಾಲಿನಲ್ಲಿ ಕುಳಿತು ತಿರುಗಿಸಿಡತೊಡಗಿದರು. ಬೈಗುಳಕ್ಕೆ ಬಗ್ಗದ ಗಂಡಸರಿಗೆ ಏನು ಮದ್ದೆಂದು ತಿಳಿಯಿತು. ಆದರೆ ನನ್ನ ಮಂಡಿ ಅದಕ್ಕೆ ಒಪ್ಪಬೇಕಲ್ಲ!

ಬಿಸಿನೀರಿನ ಬುಗ್ಗೆಯ ಸ್ನಾನ ಆ ಕಡೆಯ ದೊಡ್ಡ ಆಕರ್ಷಣೆ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆಯಬೇಕು. ಆಮೇಲೆ ನೂಲೆಳೆಯೂ ಇಲ್ಲದೆ ಕೊಳಕ್ಕಿಳಿಯಬೇಕು. ಕೈಯಲ್ಲಿರುವ ಪುಟ್ಟ ಟವೆಲು ನೀರಿಗೆ ತಾಗಬಾರದು. ಮಡಚಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಮಾನ ಮುಚ್ಚಬೇಕಾದ ಬಟ್ಟೆ ನೆತ್ತಿ ಮುಚ್ಚುತ್ತದೆ. ಸಂಜೆ ಎಡಗಡೆಯ ನೀಲಿ ಪರದೆಯೊಳಗೆ ಹೋಗಿ ಬಂದ ಯಜಮಾನರಿಗೆ ಅದು ಎಷ್ಟು ಹಿಡಿಸಿತೆಂದರೆ, ಬೆಳಗಿನ ಜಾವ ಕನ್ನಡಕವನ್ನೂ ಹಾಕಿಕೊಳ್ಳದೆ ಮತ್ತೆ ಎಡಕ್ಕೆ ನಡೆದರು. ಎರಡೂ ಕೊಳಗಳ ಸುಖ ಎಲ್ಲರಿಗೂ ಸಿಗಲಿ ಎಂದು ಅಂಥ ಕಡೆ ರಾತ್ರಿಯೇ ಹೆಂಗಸರ, ಗಂಡಸರ ಪರದೆಗಳನ್ನು ಅದಲುಬದಲು ಮಾಡುವುದುಂಟು. ಆಗ ಎಡಗಡೆ ತೂಗುತ್ತಿದ್ದದ್ದು ಕೆಂಪು ಪರದೆ. ಒಳಗಿನಿಂದ ಬಂದ ಅಜ್ಜಿಯೊಬ್ಬರು ಎರಡೂ ತೋಳುಗಳನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ನಿಂತರು. ಇದು ಈ ಊರಿನ ನಮಸ್ಕಾರವಿರಬೇಕೆಂದು ಇವರೂ ತೋಳುಗಳನ್ನು ಅಡ್ಡಡ್ಡ ಹಿಡಿದು ಸೊಂಟ ಬಗ್ಗಿಸಿದರು. ಅಜ್ಜಿ ಇನ್ನೂ ಬಲವಾಗಿ ಹಿಡಿದರು. ಇವರು ಇನ್ನೂ ಕೆಳಗೆ ಬಗ್ಗಿದರು. ನಾನು ಹೋಗಿ ಬಿಡಿಸದಿದ್ದರೆ ಆ ನಮಸ್ಕಾರ ಮಧ್ಯಾಹ್ನದವರೆಗೆ ನಡೆಯುತ್ತಿತ್ತೇನೋ.

ಅವೊಮೊರಿಯ ಮೀನು ಮಾರುಕಟ್ಟೆಯಲ್ಲಿ ಚೀಟಿ ಕೊಂಡು, ಅನ್ನದ ಬಟ್ಟಲು ಹಿಡಿದು, ಅಂಗಡಿಯಿಂದ ಅಂಗಡಿಗೆ ಹೋಗಿ ಬೇಕಾದ ಮೀನಿನ ತುಂಡುಗಳನ್ನು ಅನ್ನದ ಮೇಲೆ ಹಾಕಿಸಿಕೊಳ್ಳಬಹುದು. ನಾವು ಮಂಗಳೂರಿನವರು, ಮೀನಿಗೆ ಹೆದರುವವರಲ್ಲ. ಆದರೂ ಬಟ್ಟಲು ತುಂಬಿದ ಮೇಲೆ ಇವರು ಮೆಲ್ಲಗೆ ಕೇಳಿದರು:

"ಕಾವಲಿ ಎಲ್ಲಿದೆ?"

"ರೀ, ಹಸಿಯಾಗಿಯೇ ತಿನ್ನಬೇಕು."

"ಮಸಾಲೆಯಾದರೂ ಹಚ್ಚುತ್ತಾರೇನೇ?"

ಮೊರಿಯೊಕಾದ ವಾಂಕೊ ಸೋಬಾ ಇನ್ನೊಂದು ಬಗೆಯ ಪರೀಕ್ಷೆ. ಒಂದು ತುತ್ತು ಶ್ಯಾವಿಗೆಯ ಪುಟ್ಟ ಬಟ್ಟಲು. ಸುಮಾರು 15 ಸೇರಿದರೆ ಮಾಮೂಲಿ ಒಂದು ಬಟ್ಟಲಿಗೆ ಸಮ. ಖಾಲಿಯಾದ ಕ್ಷಣವೇ ಪಕ್ಕದಲ್ಲಿ ನಿಂತ ಹೆಂಗಸು ಹುರಿದುಂಬಿಸುತ್ತ ಇನ್ನೊಂದು ತುತ್ತು ಸುರಿಯುತ್ತಾಳೆ. ನಮ್ಮ ಮದುವೆಯೂಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದರೆ ಅರ್ಧ ಹೋಳಿಗೆ ಬೀಳಲಿ ಎಂದೇ ಇಂಗಿತ. ಇಲ್ಲಿ ಕೈಗೂ ಬಾಯಿಗೂ ಬೆಲೆಯಿಲ್ಲ. ಬಟ್ಟಲು ಬರಿದು ಮಾಡಿ, ಅವಳು ಸುರಿಯುವ ಮೊದಲೇ ಮುಚ್ಚಳ ಹಾಕಿದರೆ ಮಾತ್ರ ಬಿಡುಗಡೆ. ಯಜಮಾನರು ಮುಚ್ಚಳ ಎತ್ತುವಷ್ಟರಲ್ಲಿ ಶ್ಯಾವಿಗೆ ಬಿದ್ದಿರುತ್ತಿತ್ತು. ಬಿದ್ದದ್ದನ್ನು ಬಿಡಬಾರದೆಂಬ ಸಂಸ್ಕಾರ ಬೇರೆ. ಕೊನೆಗೆ ಅವರ ಕಣ್ಣಲ್ಲಿ ನೀರು ಕಂಡು ಮುಚ್ಚಳ ಹಾಕಿದವಳು ನಾನು.

ನನ್ನ ಮನಸ್ಸಿಗೆ ತೀರ ಒಪ್ಪಿದ್ದು ಓಗಾ ಪರ್ಯಾಯ ದ್ವೀಪದ ನಮಹಾಗೆ. ಡಿಸೆಂಬರ್ 31ರ ರಾತ್ರಿ ಹುಲ್ಲಿನ ಉಡುಪು, ಭೀಕರ ಮುಖವಾಡ, ಮರದ ಕತ್ತಿ ಧರಿಸಿ ಮನೆಮನೆಗೆ ನುಗ್ಗಿ, ಅಳುವ ಮಕ್ಕಳು ಯಾರು, ಸೋಮಾರಿಗಳು ಯಾರು ಎಂದು ಗರ್ಜಿಸುವ ದೇವರುಗಳು. ಇಂಥ ಅತಿಥಿ ದೇವರ ಆಚರಣೆಗಳನ್ನು ಯುನೆಸ್ಕೊ 2018ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಒಲೆಯ ಮುಂದೆ ಕುಳಿತೇ ಕಾಲ ಕಳೆದವರ ಚರ್ಮದ ಮೇಲೆ ಕಲೆ ಬೀಳುತ್ತದಂತೆ. ಅದನ್ನು ಕೆರೆದು ತೆಗೆಯಲು ಆ ಕತ್ತಿ. ಉಳಿದ ದಿನಗಳಲ್ಲಿ ಪ್ರವಾಸಿಗರಿಗಾಗಿ ಒಂದು ಹಳೆಯ ಮನೆಯಲ್ಲಿ ಇದನ್ನು ಆಡಿ ತೋರಿಸುತ್ತಾರೆ.

ಬಾಗಿಲು ದಢಾರನೆ ತೆರೆಯಿತು. ನೆಲ ಅದುರುವಂತೆ ಕಾಲು ಅಪ್ಪಳಿಸುತ್ತ ಎರಡು ನಮಹಾಗೆಗಳು ಒಳಬಂದವು. ಮನೆಯ ಯಜಮಾನನ ಪಾತ್ರಧಾರಿ ಸಾಕೆ ಎಂಬ ಅಕ್ಕಿಯ ಮದ್ಯ ಕೊಟ್ಟು ಸಮಾಧಾನಪಡಿಸುತ್ತಿದ್ದ. ಒಂದು ನಮಹಾಗೆ ಮನೆಯವರ ತಪ್ಪುಗಳನ್ನು ಬರೆದಿಟ್ಟ ಕಡತ ತೆರೆಯಿತು. ಮತ್ತೊಂದು ನಮ್ಮತ್ತ ತಿರುಗಿ ಗರ್ಜಿಸಿತು. ನನಗೆ ಜಪಾನಿ ಬಾರದು, ಆದರೆ ಬೆರಳಿಗೆ ಭಾಷೆ ಬೇಕೆ? ಪಕ್ಕಕ್ಕೆ ತೋರಿಸಿದೆ. ಹುಲ್ಲು ಉದುರಿಸುತ್ತ ಅದು ಇವರ ಮೂಗಿನವರೆಗೂ ಬಂತು. ಹಿಂದೆ ಸರಿಯಲು ಗೋಡೆ ಅಡ್ಡವಾಗಿ, ಇವರು ಕನ್ನಡದಲ್ಲೇ "ನಾಳೆಯಿಂದ ಖಂಡಿತ" ಎಂದು ಮಾತು ಕೊಟ್ಟರು.

ಹೊರಡುವಾಗ ನಮಹಾಗೆ ಮನೆಯವನಿಗೆ ಹೇಳುವ ಮಾತೊಂದಿದೆ: ಮನೆಯವರು ಮಾತು ಕೇಳದಿದ್ದರೆ ಮೂರು ಸಲ ಚಪ್ಪಾಳೆ ತಟ್ಟು, ಬೆಟ್ಟದಿಂದ ಇಳಿದು ಬರುತ್ತೇವೆ.

ಈಗ ಸೋಫಾದ ಮೇಲೆ ಒದ್ದೆ ಟವೆಲು ಕಂಡರೆ ನಾನು ಕೂಗಾಡುವುದಿಲ್ಲ. ಎರಡು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತೇನೆ. ಮೂರನೆಯದರ ಅಗತ್ಯ ಇದುವರೆಗೆ ಬಿದ್ದಿಲ್ಲ.